ಇಂಗಿನ ಮುಚ್ಚಳದ ಜಪಾನು

ನಮ್ಮ ಮನೆಯ ಇಂಗಿನ ಡಬ್ಬಿಗೆ ಮುಚ್ಚಳವಿಲ್ಲ. ಅದರ ಬಾಯಿಗೆ ಒಂದು ಸ್ಟೀಲ್ ಲೋಟ ಕವುಚಿ ಹಾಕಿರುತ್ತೇನೆ. ಅಡುಗೆಮನೆಗೆ ಬಂದ ನೆಂಟರು ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಏನೂ ಕೇಳದೆ ಕಾಫಿ ಕುಡಿದು ಹೋಗುತ್ತಾರೆ. ಕೇಳಿದ್ದರೆ ಹೇಳುತ್ತಿದ್ದೆ. ಮುಚ್ಚಳ ಎಲ್ಲೂ ಕಳೆದುಹೋಗಿಲ್ಲ; ನನ್ನ ಹೊಲಿಗೆ ಡಬ್ಬಿಯಲ್ಲಿ ಸೂಜಿ, ದಾರ, ಕತ್ತರಿಗಳ ಜೊತೆ ಹಾಯಾಗಿದೆ. ಅದನ್ನು ಬಟ್ಟೆಯ ಮೇಲಿಟ್ಟು ಸುತ್ತ ಗೆರೆ ಎಳೆದರೆ, ಪಕ್ಕಕ್ಕೆ ಸರಿಸಿ ಮತ್ತೆ ಎಳೆದರೆ, ಒಂದರ ಬೆನ್ನಿಗೆ ಇನ್ನೊಂದು ಅರ್ಧ ಅವಿತು ಕೂರುವಂತೆ ಎಳೆಯುತ್ತಾ ಹೋದರೆ, ಜಪಾನಿನ ಕಡಲು ಬರುತ್ತದೆ. ಬಳೆ ಇಟ್ಟು ನೋಡಿದೆ, ಅಲೆ ತೀರಾ ದೊಡ್ಡದಾಯಿತು. ರೂಪಾಯಿ ನಾಣ್ಯ ಇಟ್ಟು ನೋಡಿದೆ, ಸೂಜಿ ಆಡಿಸುವುದಕ್ಕೇ ಜಾಗವಿಲ್ಲ. ಇಂಗಿನ ಮುಚ್ಚಳ ಮಾತ್ರ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಅಂದಿನಿಂದ ನಮ್ಮ ಮನೆಯ ಕಡಲಿಗೆ ಇಂಗಿನ ವಾಸನೆ.

ನಗಬೇಡಿ. ಕಡೂರಿನಲ್ಲಿ ಕೂತು ಕಡಲು ಬರೆಯುವುದು ಎಷ್ಟು ಕಷ್ಟ ಅಂತ ನಿಮಗೇನು ಗೊತ್ತು? ಇಲ್ಲಿ ಕೊಡ ನೀರು ಕಂಡರೆ ಸಾಕು, ಕಣ್ಣು ತಂಪಾಗುತ್ತದೆ. ತೆಂಗಿನ ಗರಿಗಳ ಮೇಲೆ ಗಾಳಿ ಬೀಸಿದಾಗ ಕಡಲಿನ ಸದ್ದು ಹೀಗೇ ಇರಬಹುದು ಅಂದುಕೊಳ್ಳುತ್ತೇನೆ. ನಾನು ಕಡಲು ನೋಡಿದ್ದು ಒಂದೇ ಸಲ, ಅದೂ ಬಸ್ಸಿನ ಕಿಟಕಿಯಿಂದ. ನಮ್ಮನೆಯವರು ಆಗ ನನ್ನನ್ನು ಎಬ್ಬಿಸಿದ್ದೇ ತಡವಾಗಿ. ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಅದು ಹೋಗಿ ಮೀನಿನ ಮಾರ್ಕೆಟ್ಟು ಬಂದಿತ್ತು.

ಈ ಜಪಾನು ಶುರುವಾದದ್ದು ನನಗೆ ಮಧ್ಯಾಹ್ನ ನಿದ್ದೆ ಬಾರದ್ದರಿಂದ. ನಮ್ಮನೆಯವರಿಗೆ ಬರುತ್ತದೆ, ಧಾರಾಳವಾಗಿ ಬರುತ್ತದೆ. ರೈಲ್ವೆಯಲ್ಲಿದ್ದವರು, ಶಿವನಿ ಸ್ಟೇಷನ್ನಿನ ರಾತ್ರಿಪಾಳಿಯಲ್ಲಿ ಕೆಟ್ಟ ನಿದ್ದೆಯನ್ನೆಲ್ಲ ಈಗ ಮಾಡಿ ಮುಗಿಸುತ್ತಿದ್ದಾರೆ. ಅವರ ಗೊರಕೆಯ ಪಕ್ಕದಲ್ಲಿ ಕೂತು ಫೋನು ಒತ್ತುತ್ತಿದ್ದಾಗ ಒಂದು ದಿನ ಒಬ್ಬ ಜಪಾನಿನ ಅಜ್ಜಿ ಬಂದಳು. ಮುಖ ಕಾಣುವುದಿಲ್ಲ, ಬರೀ ಕೈ. ಬಟ್ಟೆಯ ಮೇಲೆ ಗೆರೆ ಎಳೆಯುತ್ತಾಳೆ, ಅಡ್ಡ, ಉದ್ದ, ಓರೆ. ಆಮೇಲೆ ಆ ಗೆರೆಯ ಮೇಲೆ ಅಕ್ಕಿಕಾಳಿನ ಹಾಗೆ ಒಂದೇ ಅಳತೆಯ ಹೊಲಿಗೆ ಹಾಕುತ್ತಾಳೆ. ಮಾತಿಲ್ಲ, ಹಾಡಿಲ್ಲ, "ಲೈಕ್ ಮಾಡಿ" ಅನ್ನುವುದಿಲ್ಲ. ಅದಕ್ಕೆ ಸಾಶಿಕೊ ಅಂತ ಹೆಸರಂತೆ. ಸಣ್ಣ ಸಣ್ಣ ಚುಚ್ಚು ಅಂತ ಅರ್ಥವಂತೆ. ಚಳಿಯ ಊರಿನ ಬಡವರು ಹರಿದ ಬಟ್ಟೆಗೆ ಬಟ್ಟೆ ಸೇರಿಸಿ ಹೊಲಿಯುತ್ತಿದ್ದರಂತೆ. ಅಯ್ಯೋ, ಇದು ನಮ್ಮ ಕೌದಿಯೇ ಅಲ್ಲವಾ, ಸ್ನಾನ ಮಾಡಿ ತಲೆ ಬಾಚಿಕೊಂಡು ಬಂದಿದೆ ಅಷ್ಟೆ, ಅನ್ನಿಸಿತು.

ಆ ಕೈಯನ್ನು ನೋಡುತ್ತಾ ನೋಡುತ್ತಾ ನನಗೆ ನನ್ನಕ್ಕ ಗಿರಿಜಕ್ಕನ ಕೈ ನೆನಪಾಯಿತು.

ನಾವು ದೇವನೂರಿನವರು. ನಮ್ಮ ಬೀದಿಯಲ್ಲಿ ಬೆಳಗಾಗುತ್ತಿದ್ದದ್ದು ಕೋಳಿ ಕೂಗಿದಾಗಲ್ಲ, ಗಿರಿಜಕ್ಕ ಅಂಗಳಕ್ಕೆ ಸಗಣಿ ನೀರು ಚಿಮುಕಿಸಿದಾಗ. ನಾನು ಬಾಗಿಲ ಹೊಸ್ತಿಲ ಮೇಲೆ ಕಂಬಳಿ ಹೊದ್ದು ತೂಕಡಿಸುತ್ತಾ ಕೂತಿರುತ್ತಿದ್ದೆ. ರಂಗೋಲಿ ಬಟ್ಟಲು ಹಿಡಿದುಕೊಳ್ಳುವುದು ನನ್ನ ಕೆಲಸ. ಅಕ್ಕ ಲಂಗ ಎತ್ತಿ ಸಿಕ್ಕಿಸಿ, ಸೊಂಟ ಬಗ್ಗಿಸಿ, ಚುಕ್ಕಿ ಇಡುತ್ತಾ ಹಿಂದೆ ಹಿಂದೆ ಹೋಗುತ್ತಿದ್ದಳು. ಎರಡು ಚುಕ್ಕಿಗಳ ನಡುವಿನ ಜಾಗಕ್ಕೆ ಸರಿಯಾಗಿ ಮುಂದಿನ ಸಾಲಿನ ಚುಕ್ಕಿ ಕೂರಬೇಕು. ಅದಕ್ಕೆ ಸಂದು ಚುಕ್ಕಿ ಅಂತೀವಿ. ಅವಳು ಎಣಿಸುತ್ತಲೇ ಇರಲಿಲ್ಲ. ಆಮೇಲೆ ಎಳೆ. ಬೆರಳ ಸಂದಿನಿಂದ ಬಿಳಿಯ ಪುಡಿ ಒಂದೇ ಸಮ ಇಳಿಯುತ್ತಿತ್ತು. ಅರೆ ನಿದ್ದೆಯ ನನ್ನ ಕಣ್ಣಿಗೆ ಅಕ್ಕ ಎಳೆ ಬಿಡುತ್ತಿದ್ದಾಳೋ, ನೆಲದಲ್ಲೇ ಇದ್ದ ಎಳೆಯನ್ನು ಹಿಡಿದು ನಡೆಯುತ್ತಿದ್ದಾಳೋ ಗೊತ್ತಾಗುತ್ತಿರಲಿಲ್ಲ. ಈಗಲೂ ಒಮ್ಮೊಮ್ಮೆ ಬೆಳಗಿನ ಜಾವದ ಕನಸಿನಲ್ಲಿ ನಾನು ಬಟ್ಟಲು ಹಿಡಿದು ನಿಂತಿರುತ್ತೇನೆ. ಬೀದಿ ಮುಗಿಯುವುದೇ ಇಲ್ಲ, ಎಳೆಯೂ ಮುಗಿಯುವುದಿಲ್ಲ.

ಆದರೆ ಬೆಳಕು ಹರಿದ ಮೇಲೆ ಏನಾಗುತ್ತಿತ್ತು ಹೇಳಿ? ಮೊದಲು ಎದುರುಮನೆ ಕೋಳಿ. ಆಮೇಲೆ ನಮ್ಮದೇ ಕರು. ಆಮೇಲೆ ಹಾಲಿನವನ ಸೈಕಲ್ಲು. ಅಪ್ಪ ಒಬ್ಬರು ಮಾತ್ರ ಗೋಡೆ ಸವರಿಕೊಂಡು ಓರೆಯಾಗಿ ದಾಟುತ್ತಿದ್ದರು. ಅವರಿಗೆ ರಂಗೋಲಿಯ ಮೇಲಿನ ಪ್ರೀತಿಗಿಂತ ಅಕ್ಕನ ಬಾಯಿಯ ಭಯ ಹೆಚ್ಚು. ಮಧ್ಯಾಹ್ನದೊಳಗೆ ಎಲ್ಲ ಧೂಳು. ಅಕ್ಕ ಜಗಲಿಯ ಮೇಲೆ ಕೂತು ಕೋಳಿಗೆ ಬಯ್ಯುತ್ತಿದ್ದಳು, "ನಿನ್ ಕಾಲು ಮುರಿಯಾ!" ಅಂತ. ಮರುದಿನ ಬೆಳಿಗ್ಗೆ ಮತ್ತೆ ಸಗಣಿ ನೀರು, ಮತ್ತೆ ಚುಕ್ಕಿ. ಮದುವೆಯಾಗಿ ಅಜ್ಜಂಪುರಕ್ಕೆ ಹೋದ ಮೇಲೂ ಅದೇ. ಕೋಳಿ ಮಾತ್ರ ಬೇರೆ.

ಅದಕ್ಕೇ ಜಪಾನಿನ ಅಜ್ಜಿಯನ್ನು ಕಂಡಾಗ ನನಗೆ ಹೊಟ್ಟೆಕಿಚ್ಚಾಯಿತು. ಅವಳೂ ಚುಕ್ಕಿ ಇಡುತ್ತಾಳೆ, ಅವಳೂ ಎಳೆ ಎಳೆಯುತ್ತಾಳೆ, ಆದರೆ ಅದರ ಮೇಲೆ ಹೊಲಿದುಬಿಡುತ್ತಾಳೆ! ಕೋಳಿ ಕೆದರಲಿ ನೋಡೋಣ.

ತರೀಕೆರೆಯಲ್ಲಿ ಒಂದು ಮದುವೆಯ ಜವಳಿಗೆ ಹೋದವಳು ದಪ್ಪನೆಯ ಬಿಳಿ ಕಾಟನ್ನು ತಂದೆ. ಜಪಾನಿನವರು ನೀಲಿ ಬಟ್ಟೆಗೆ ಬಿಳಿ ದಾರ ಹಾಕುತ್ತಾರೆ. ನನ್ನ ಕಣ್ಣಿಗೆ ನೀಲಿಯ ಮೇಲೆ ಗೆರೆ ಕಾಣುವುದಿಲ್ಲವಾದ್ದರಿಂದ ಬಿಳಿ ಬಟ್ಟೆಗೆ ನೀಲಿ ದಾರ. ಪಕ್ಕದ ಮನೆಯ ನೂರ್‌ಜಹಾನ್, ತನ್ನ ಮಗಳಿಗೆ ಹೇಳಿ ಫೋನಿನಲ್ಲಿ ಒಂದು ಪೆನ್ನು ತರಿಸಿಕೊಟ್ಟಳು. ಬಟ್ಟೆಯ ಮೇಲೆ ಬರೆಯುವ ಪೆನ್ನು. ತಪ್ಪಾದರೆ ಅದರ ಹಿಂಬದಿಯ ರಬ್ಬರಿನಿಂದ ಉಜ್ಜಿದರೆ ಗೆರೆ ಮಾಯ. ಹೇಗೆ ಮಾಯ, ಎಲ್ಲಿಗೆ ಮಾಯ ಅಂತ ನಾವ್ಯಾರೂ ಕೇಳಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನನಗೂ ಜಪಾನಿಗೂ ಜಗಳವಾಯಿತು. ಸಾಶಿಕೊದಲ್ಲಿ ಗೆರೆಗಳು ಸೇರುವ ನಡುಮಧ್ಯದಲ್ಲಿ ಹೊಲಿಗೆಗಳು ಒಂದನ್ನೊಂದು ಮುಟ್ಟಕೂಡದು. ಅಲ್ಲಿ ಒಂದು ಚೂರು ಜಾಗ ಖಾಲಿ ಬಿಡಬೇಕು. ನಾನು ಬಿಡಲಾರೆ! ನಮ್ಮಜ್ಜಿ ರಂಗೋಲಿಯಲ್ಲಿ ಎಳೆ ಬಾಯಿ ಬಿಟ್ಟುಕೊಂಡಿದ್ದರೆ ಬಾಗಿಲು ತೆರೆದಿಟ್ಟು ಊರಿಗೆ ಹೋದ ಹಾಗೆ ಅನ್ನುತ್ತಿದ್ದಳು. ನನ್ನ ಸೂಜಿ ಆ ಖಾಲಿ ಜಾಗಕ್ಕೆ ಬಂದದ್ದೇ ತಡ, ತಾನಾಗಿ ಹೋಗಿ ಮುಚ್ಚಿಬಿಡುತ್ತಿತ್ತು. ಹೊಲಿಗೆಗಳೆಲ್ಲ ಸಂತೆಯಲ್ಲಿ ಸಿಕ್ಕ ನೆಂಟರ ಹಾಗೆ ನಡುವೆ ಗುಂಪುಗೂಡಿ ಗಂಟಾಗುತ್ತಿದ್ದವು. ಬಿಚ್ಚಿದೆ, ಹೊಲಿದೆ, ಮತ್ತೆ ಬಿಚ್ಚಿದೆ.

ಆದರೂ ಆ ಮಧ್ಯಾಹ್ನಗಳು ಚೆನ್ನಾಗಿದ್ದವು. ಕಿಟಕಿಯಿಂದ ಬಿಸಿಲು ಚಾಪೆಯ ಮೇಲೆ ಬಿದ್ದು ನಿಧಾನವಾಗಿ ಸರಿಯುತ್ತಿತ್ತು. ಮುಚ್ಚಳ ಇಡು, ಎಳೆ, ಸರಿಸು. ಮುಚ್ಚಳ ಇಡು, ಎಳೆ, ಸರಿಸು. ಸ್ವಲ್ಪ ಹೊತ್ತಿಗೆ ನಾನು ಇಲ್ಲವಾಗುತ್ತಿದ್ದೆ. ತಲೆಯೆತ್ತಿ ನೋಡಿದರೆ ಎದುರುಮನೆಯ ಹೆಂಚುಗಳು ಅಲೆ ಅಲೆಯಾಗಿ ಬರುತ್ತಿದ್ದವು. ನಮ್ಮನೆಯವರ ಗೊರಕೆ ಏರಿ, ತೀರಕ್ಕೆ ಬಡಿದು, ಹಿಂದಕ್ಕೆ ಹೋಗುತ್ತಿತ್ತು. ದೂರದಲ್ಲೆಲ್ಲೋ ರೈಲು ಕೂಗಿದರೆ ಹಡಗು ಅಂದುಕೊಂಡು ಸುಮ್ಮನಾಗುತ್ತಿದ್ದೆ. ಒಲೆಯ ಮೇಲೆ ಹಾಲು ಉಕ್ಕಿದ್ದು ಎಷ್ಟು ಸಲವೋ.

ಹೀಗಿರುವಾಗ ಗಿರಿಜಕ್ಕ ಬಂದಳು. ಅವಳ ಮಗಳು ಲತಾ ತರೀಕೆರೆಯಲ್ಲಿದ್ದಾಳೆ. ಆಗ ಅವಳಿಗೆ ಏಳು ತಿಂಗಳು. ಮಗಳನ್ನು ನೋಡಿಕೊಂಡು ಹಿಂದಕ್ಕೆ ಹೋಗುವಾಗ ಅಕ್ಕ ಕಡೂರಿಗೂ ಬಂದು, ಬಾಗಿಲಲ್ಲೇ ನಿಂತು ನನ್ನ ಕಡಲನ್ನು ನೋಡಿದಳು. ಎಪ್ಪತ್ತರ ಹತ್ತಿರ ಬಂದರೂ ಆ ಕಣ್ಣಿನಲ್ಲಿ ಹಳೆಯ ದರ್ಬಾರೇ.

"ಇದೇನೇ ವಿಮಲೂ, ಮೀನಿನ ಚಿಪ್ಪಾ?"

"ಅಲೆ ಕಣಕ್ಕಾ. ಜಪಾನಿಂದು."

"ಅದಕ್ಯಾಕೆ ಮುಚ್ಚಳ, ಸ್ಕೇಲು? ರಂಗೋಲಿ ಇಟ್ಟ ಮನೇಲಿ ಹುಟ್ಟಿ ಸ್ಕೇಲ್ ಹಿಡ್ಕೊಂಡು ಕೂತಿದೀಯಲ್ಲೇ, ನಾಚಿಕೆ ಆಗಲ್ವಾ ನಿಂಗೆ?"

ನನಗೆ ಸಿಟ್ಟು ಬಂತು. ಆದರೆ ಅಕ್ಕನ ಮೇಲೆ ಸಿಟ್ಟು ಬಂದರೆ ಅದನ್ನು ನುಂಗಿಕೊಳ್ಳುವುದನ್ನು ಹುಟ್ಟಿದಾಗಿನಿಂದ ಕಲಿತಿದ್ದೇನೆ. ಫೋನಿನಲ್ಲಿ ಬೇರೆ ಚಿತ್ತಾರಗಳನ್ನು ತೋರಿಸಿದೆ. ಒಂದನ್ನು ನೋಡಿ ಅವಳು ಫೋನು ಕಿತ್ತುಕೊಂಡಳು. ಆರು ಮೂಲೆಯ ನಕ್ಷತ್ರಗಳು, ಒಂದಕ್ಕೊಂದು ಅಂಟಿಕೊಂಡು, ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವಾಗುತ್ತದೆ ಅಂತ ತಿಳಿಯದ ಹಾಗೆ.

"ಇದು ಸಂದು ಚುಕ್ಕಿ ಕಣೇ!" ಅಂದಳು. "ಇದನ್ನ ನಾನು ಎಷ್ಟು ಸಲ ಇಟ್ಟಿಲ್ಲ. ಏನಂತಾರೆ ಇದಕ್ಕೆ?"

ಅಸನೊಹ ಅಂತ ಹೆಸರು, ಒಂದು ಗಿಡದ ಎಲೆ, ಆ ಗಿಡ ಬಲು ಬೇಗ, ಬಲು ನೆಟ್ಟಗೆ ಬೆಳೆಯುತ್ತದೆ, ಅದಕ್ಕೇ ಅಲ್ಲಿಯವರು ಹುಟ್ಟಿದ ಮಗುವಿನ ಬಟ್ಟೆಗೆ ಇದನ್ನು ಹೊಲಿಯುತ್ತಾರೆ, ಮಗು ಹಾಗೇ ಬೆಳೆಯಲಿ ಅಂತ, ಎಂದೆಲ್ಲ ಓದಿ ಹೇಳಿದೆ. ಯಾವ ಗಿಡ ಅಂತ ಅವಳು ಬಿಡದೆ ಕೇಳಿದ್ದರಿಂದ ಅದನ್ನೂ ಹೇಳಬೇಕಾಯಿತು.

"ಗಾಂಜಾನಾ!" ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. "ನನ್ ಮೊಮ್ಮಗೂಗೆ ಗಾಂಜಾ ಸೊಪ್ಪು ಹೊದಿಸೋಣ ಅಂತೀಯಾ? ಮಠದ ಬುದ್ಧಿಯವರು ಕೇಳಿದ್ರೆ ಏನಂತಾರೇ?"

ಒಳಗಿನಿಂದ ನಮ್ಮನೆಯವರು, "ಮಗು ಅಳದೆ ನಿದ್ದೆ ಮಾಡುತ್ತೆ ಬಿಡಿ ಅತ್ತಿಗೆ," ಅಂದರು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆವು. ನಗುತ್ತಲೇ ಅಕ್ಕ ಬಟ್ಟೆಯ ಒಂದು ತುಂಡನ್ನೂ ಪೆನ್ನನ್ನೂ ಚೀಲಕ್ಕೆ ಹಾಕಿಕೊಂಡಳು. "ಬರೆದು ಕಳಿಸ್ತೀನಿ, ನೀನು ಹೊಲಿ. ಸ್ಕೇಲಿಲ್ಲದೆ ಬರೆಯೋದು ಹೆಂಗೆ ಅಂತ ನೋಡ್ಕೋ," ಅಂದಳು.

ಬರುತ್ತದೆ ಬರುತ್ತದೆ ಅಂತ ಕಾದೆ. ಬರಲಿಲ್ಲ. ರಂಗೋಲಿಯಾದರೆ ಕಾಫಿ ಕಾಯುವಷ್ಟರಲ್ಲಿ ಮುಗಿಸುವವಳು ಒಂದು ಕೂಸಿನ ಹೊದಿಕೆಯಷ್ಟು ಬಟ್ಟೆಗೆ ಇಷ್ಟು ದಿನವೇ? ನಡುವೆ ಒಮ್ಮೆ ಅಜ್ಜಂಪುರಕ್ಕೆ ಯಾವುದೋ ನಾಮಕರಣಕ್ಕೆ ಹೋದಾಗ ಅವಳ ಮನೆಗೂ ಹೋಗಿದ್ದೆ. ಬಾಗಿಲಲ್ಲಿ ಅಂಗಡಿಯಿಂದ ತಂದ ರಂಗೋಲಿ ಸ್ಟಿಕರ್ ಅಂಟಿಸಿತ್ತು. ನನಗೆ ನಂಬುವುದಕ್ಕೇ ಆಗಲಿಲ್ಲ. ಕೇಳಿದರೆ, "ಸೊಂಟ ಬಗ್ಗಲ್ಲ ಕಣೇ, ವಯಸ್ಸಾಯ್ತು," ಅಂದಳು. ಸೆರಗನ್ನು ಬಲಗೈಗೆ ಸುತ್ತಿಕೊಂಡು ಕೂತಿದ್ದಳು. ಕಾಫಿಯನ್ನು ಸೊಸೆಯೇ ತಂದುಕೊಟ್ಟಳು. ಬಟ್ಟೆ ಎಲ್ಲಿ ಅಂದರೆ, "ಅವಸರ ಮಾಡ್ಬೇಡ. ಅದೇನು ಉಪ್ಪಿಟ್ಟಾ?" ಅಂದಳು.

ಕೊನೆಗೂ ಬಂತು. ಆ ಕಡೆಯಿಂದ ಬರುವ ಪರಿಚಯದವರ ಕೈಲಿ ಕಳಿಸಿದ್ದಳು. ಬಿಚ್ಚಿ ನೋಡಿ ನಾನು ಹಾಗೇ ಕೂತೆ. ಬಟ್ಟೆ ತುಂಬ ನಕ್ಷತ್ರಗಳು. ಒಂದು ಗೆರೆಯೂ ಅತ್ತಿತ್ತ ಇಲ್ಲ. ಎಷ್ಟು ನೆಟ್ಟಗೆ ಅಂದರೆ, ನೋಡುತ್ತಾ ಇದ್ದರೆ ನಕ್ಷತ್ರಗಳು ಬಟ್ಟೆಯಿಂದ ಒಂದಿಷ್ಟು ಮೇಲೆ ಎದ್ದು ನಿಂತ ಹಾಗೆ, ಕಣ್ಣು ಮಿಟುಕಿಸಿದರೆ ಒಳಗಿಳಿದ ಹಾಗೆ. ಮುದುಕಿಯಾದರೂ ಅಕ್ಕನ ಕೈ ಕೈಯೇ ಅಂದುಕೊಂಡು ಆಗಲೇ ಫೋನು ಮಾಡಿದೆ.

"ಅಕ್ಕಾ, ಏನ್ ಬರೆದಿದೀಯೇ! ಇನ್ನೊಂದು ಬರ್ಕೊಡೇ, ನಮ್ಮನೆಗೆ."

ಅವಳು ಹೇಳಿದ್ದು ನನಗೆ ಅಕ್ಷರಕ್ಕಕ್ಷರ ನೆನಪಿದೆ.

"ಆಗಲ್ಲ ಕಣೇ. ಇದೊಂದೇ. ನಾನು ಬರೆದದ್ದೆಲ್ಲ ಸಂಜೆಯೊಳಗೆ ಅಳಿಸಿ ಹೋಯ್ತು. ದೇವನೂರಲ್ಲೂ ಹೋಯ್ತು, ಇಲ್ಲೂ ಹೋಯ್ತು. ಒಂದಾದ್ರೂ ಉಳೀಲಿ. ಲತಾ ಮಗು ಹೊದ್ಕೊಂಡು ಬೆಳೀಲಿ. ಇದನ್ನ ಅಜ್ಜಿ ಬರೆದಿದ್ದು ಅಂತ ಅದಕ್ಕೆ ಹೇಳ್ಬೇಕು. ನೀನು ಬೇಗ ಹೊಲಿ."

ಅಕ್ಕ ಹಾಗೆಲ್ಲ ಕೇಳಿಕೊಳ್ಳುವವಳಲ್ಲ. ಅಪ್ಪಣೆ ಕೊಡುವವಳು. ನಾಳೆಯೇ ಸೂಜಿ ಹಾಕುತ್ತೇನೆ ಅಂದು, ಬಟ್ಟೆಯನ್ನು ಮಡಚಿ ಕುರ್ಚಿಯ ಮೇಲಿಟ್ಟು, ಸರಿಯಾದ ನೀಲಿ ದಾರ ಹುಡುಕಲು ಪೇಟೆಗೆ ಹೋದೆ.

ಈಗ ನಮ್ಮನೆಯವರ ವಿಷಯ ಸ್ವಲ್ಪ ಹೇಳಬೇಕು. ಯೂನಿಫಾರ್ಮಿನ ಗರಿ ಇಡೀ ಜೀವಮಾನ ಕಾಪಾಡಿಕೊಂಡು ಬಂದ ಮನುಷ್ಯ. ರಿಟೈರಾದ ಮೇಲೆ ಇಸ್ತ್ರಿ ಮಾಡುವುದಕ್ಕೆ ಯೂನಿಫಾರ್ಮಿಲ್ಲ. ಕೈ ಸುಮ್ಮನಿರುತ್ತದೆಯೇ? ಪಂಚೆ, ಟವೆಲು, ದಿಂಬಿನ ಚೀಲ, ಕೊನೆಗೆ ನನ್ನ ಮಸಿಬಟ್ಟೆಯನ್ನೂ ಗರಿಗರಿಯಾಗಿ ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಿ ಇಡುತ್ತಾರೆ. ಬಿಸಿ ಪಾತ್ರೆ ಇಳಿಸುವಾಗ ನನಗೆ ಪಾಪ ಅನ್ನಿಸುತ್ತದೆ. ಅವರಿಗೆ ಸುಕ್ಕು ಕಂಡರೆ ಹಳಿಯ ಮೇಲೆ ಎಮ್ಮೆ ಕಂಡ ಹಾಗೆ.

ದಾರ ತಂದು ಬಾಗಿಲು ತೆಗೆದಾಗ ಅವರು ಮುಖದ ತುಂಬ ನಗು ಹೊತ್ತು ನಿಂತಿದ್ದರು.

"ನೋಡೇ, ನಿಮ್ಮಕ್ಕ ಕಳಿಸಿದ್ದು ಎಷ್ಟು ಮುದುರಿ ಹೋಗಿತ್ತು. ಹೆಂಗೆ ಮಾಡಿಟ್ಟಿದೀನಿ!"

ಬಟ್ಟೆ ಹಾಲಿನ ಹಾಗೆ ಬೆಳ್ಳಗಿತ್ತು. ಒಂದು ಗೆರೆ ಇಲ್ಲ. ಒಂದು ಚುಕ್ಕಿ ಇಲ್ಲ.

"ಗೆರೆ ಎಲ್ರೀ?"

"ಯಾವ ಗೆರೆ? ಓ, ಆ ನೀಲೀದಾ? ಇಸ್ತ್ರಿ ಓಡಿಸ್ದಂಗೆ ಹೋಗ್ತಾ ಇತ್ತು. ಕೊಳೆ ಬಿಡ್ತಿದೆ ಅಂತ ಇನ್ನೂ ಸ್ವಲ್ಪ ಒತ್ತಿ ಹೊಡ್ದೆ."

ನಾನು ಆಮೇಲೆ ಏನು ಅಂದೆ ಅಂತ ಇಲ್ಲಿ ಬರೆಯುವುದಿಲ್ಲ. ನೂರ್‌ಜಹಾನ್ ಕಾಂಪೌಂಡಿನ ಆ ಕಡೆಯಿಂದ "ಏನಾಯ್ತು ವಿಮಲಕ್ಕಾ?" ಅಂತ ಕೂಗಿದಳು ಅಂದರೆ ನೀವೇ ಲೆಕ್ಕ ಹಾಕಿ. ಬೈದು ಬೈದು ಸುಸ್ತಾಗಿ ನಾನು ಆ ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತುಬಿಟ್ಟೆ. ಇಡೀ ಆಯುಷ್ಯದ ರಂಗೋಲಿಯಲ್ಲಿ ಒಂದು ಉಳಿಯಲಿ ಅಂತ ಕೇಳಿದ್ದಳು. ಅದನ್ನೂ ಕೋಳಿ ಕೆದರಿಬಿಟ್ಟಿತಲ್ಲ! ಅವಳಿಗೆ ಯಾವ ಬಾಯಲ್ಲಿ ಹೇಳಲಿ?

ಕೋಳಿ, ಅಂದರೆ ನಮ್ಮನೆಯವರು, ಸದ್ದಿಲ್ಲದೆ ಹೋಗಿ ನನ್ನ ಹೊಲಿಗೆ ಡಬ್ಬಿ ಕೆದಕಿದರು. ಅವರದೊಂದು ಅಭ್ಯಾಸ, ಯಾವುದೇ ವಸ್ತು ಕೆಟ್ಟ ಮೇಲೆ ಅದರ ಪೊಟ್ಟಣದ ಮೇಲಿನದನ್ನು ಓದುತ್ತಾರೆ. ಮಿಕ್ಸಿ ಸುಟ್ಟಾಗಲೂ ಹಾಗೇ ಮಾಡಿದ್ದರು. ಪೆನ್ನಿನ ಪೊಟ್ಟಣ ಹಿಡಿದು, ಭೂತಗನ್ನಡಿ ಇಟ್ಟು, ತುಟಿಯಾಡಿಸುತ್ತಾ ಓದಿದರು.

"ಲೇ, ಇಲ್ನೋಡು. ಈ ಶಾಯಿ ಬಿಸಿ ತಾಗಿದ್ರೆ ಮಾಯ ಆಗುತ್ತಂತೆ. ರಬ್ಬರಲ್ಲಿ ಉಜ್ಜಿದ್ರೂ ಅದೇ ಬಿಸಿನೇ ಅಂತೆ. ಇನ್ನೊಂದು ಹಾಕಿದಾರೆ. ತುಂಬಾ ತಣ್ಣಗಿರೋ ಕಡೆ ಇಟ್ರೆ ವಾಪಸ್ ಬಂದ್ರೂ ಬರಬಹುದಂತೆ, ಹುಷಾರು ಅಂತ."

ನಮ್ಮ ಫ್ರಿಜ್ಜಿನಲ್ಲಿ ಐಸು ಕಟ್ಟಿದ್ದನ್ನು ನೋಡಿದವರು ಯಾರೂ ಇಲ್ಲ. ನೂರ್‌ಜಹಾನಳ ಗಂಡನದು ಬಸ್‌ಸ್ಟ್ಯಾಂಡಿನ ಹತ್ತಿರ ಐಸ್‌ಕ್ರೀಮ್ ಅಂಗಡಿ. ಮೂವರೂ ಬಿಸಿಲಲ್ಲಿ ಓಡಿದೆವು, ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು. ನೂರ್‌ಜಹಾನ್ ಫ್ರೀಜರಿನ ಗಾಜು ಸರಿಸಿ, ಪಿಸ್ತಾ ಡಬ್ಬಿಗಳನ್ನು ಪಕ್ಕಕ್ಕೆ ತಳ್ಳಿ, ಜಾಗ ಮಾಡಿದಳು.

"ಯಾ ಅಲ್ಲಾ! ಐಸ್‌ಕ್ರೀಮ್ ಡಬ್ಬಿಯಾಗೆ ಬಟ್ಟೆ ಇಡೋರ್ನ ಇವತ್ತೇ ನೋಡಿದ್ದು ನಾನು. ಅಳ್ಬೇಡಿ ಅಕ್ಕಾ, ಬತ್ತದೆ, ಬತ್ತದೆ. ಕುಲ್ಫಿ ತಿನ್ನಿ, ಅಷ್ಟೊತ್ತಿಗೆ ಬತ್ತದೆ."

ಕುಲ್ಫಿ ತಿನ್ನುತ್ತಾ ಕೂತೆವು. ಹೊರಗೆ ಬಸ್ಸುಗಳು ಬಂದವು, ಹೋದವು. ತರೀಕೆರೆ, ತರೀಕೆರೆ ಅಂತ ಕಂಡಕ್ಟರು ಕೂಗುತ್ತಿದ್ದ. ಆ ಬಿರುಬಿಸಿಲಿನಲ್ಲಿ ಎಲ್ಲವೂ ನೀರಿನಡಿಯಲ್ಲಿದ್ದ ಹಾಗೆ ಅಲುಗುತ್ತಿತ್ತು. ನಾನು ಫ್ರೀಜರಿನ ಗಾಜನ್ನು ಅಂಗೈಯಿಂದ ಒರೆಸುವುದು, ಅದು ಮಂಜಾಗುವುದು, ಮತ್ತೆ ಒರೆಸುವುದು. ಒಂದು ಸಲ ಒರೆಸಿದಾಗ ಒಳಗೆ, ಮಂಜಿನೊಳಗಿನ ಬಿಳಿಯ ಮೇಲೆ, ಒಂದು ನೀಲಿ ಎಳೆ ಇತ್ತು. ಪಕ್ಕದಲ್ಲಿ ಇನ್ನೊಂದು. ಯಾರೂ ಬರೆಯುತ್ತಿರಲಿಲ್ಲ, ತಾವೇ ಬರುತ್ತಿದ್ದವು. ಅರೆ ನಿದ್ದೆಯಲ್ಲಿ ಹೊಸ್ತಿಲ ಮೇಲೆ ಕೂತ ಹುಡುಗಿಯಾಗಿಬಿಟ್ಟೆ ನಾನು.

"ಬಂತು! ಬಂತು ಕಣ್ರೀ!" ಅಂತ ಕೂಗಿದೆ. ನಮ್ಮನೆಯವರು ಕಣ್ಣು ಒರೆಸಿಕೊಂಡರು. ಐಸ್‌ಕ್ರೀಮಿನ ಚಳಿಗೆ ನೀರು ಬಂತು ಅಂದರು.

ಬಟ್ಟೆಯನ್ನು ತೆಗೆದು ಬೆಂಚಿನ ಮೇಲೆ ಹರಡಿದೆವು.

ನಕ್ಷತ್ರಗಳು ಬಂದಿದ್ದವು, ನಿಜ. ಆದರೆ ಅವು ಮಾತ್ರ ಬಂದಿರಲಿಲ್ಲ. ರಬ್ಬರಿನಿಂದ ಉಜ್ಜಿ ಉಜ್ಜಿ ಅಕ್ಕ ಅಳಿಸಿದ್ದೆಲ್ಲ ಎದ್ದು ಬಂದಿತ್ತು. ಒಂದೊಂದು ನೆಟ್ಟನೆಯ ಗೆರೆಯ ಕೆಳಗೂ ಎರಡು, ಮೂರು, ಕೆಲವು ಕಡೆ ಇನ್ನೂ ಹೆಚ್ಚು ಗೆರೆಗಳು. ಎಲ್ಲ ನಡುಗಿದ ಗೆರೆಗಳೇ. ಹುಳು ಹರಿದ ಹಾಗೆ ಅಂಕುಡೊಂಕಾಗಿ ಹೊರಟು, ಚುಕ್ಕಿಯನ್ನು ಮುಟ್ಟಲಾರದೆ ದಾಟಿ, ಹಿಂದಕ್ಕೆ ಬಂದು, ಕೆಲವು ಅರ್ಧದಲ್ಲೇ ನಿಂತಿದ್ದವು. ಇನ್ನೊಂದನ್ನು ನಾನು ಆಮೇಲೆ ಕಂಡೆ. ಕೆಲವು ನೆಟ್ಟನೆಯ ಗೆರೆಗಳ ನಡುವೆ ಸಣ್ಣ ಡುಬ್ಬ. ಸ್ಕೇಲು ಒತ್ತಿ ಹಿಡಿದಾಗ ಬೆರಳ ತುದಿ ಅಂಚಿನಿಂದ ಹೊರಗೆ ಚಾಚಿಕೊಂಡಿದ್ದರೆ ಪೆನ್ನು ಅದನ್ನು ಸುತ್ತಿ ಹೋಗುತ್ತದಲ್ಲ, ಆ ಡುಬ್ಬ. ಇಸ್ಕೂಲಿನಲ್ಲಿ ಎಲ್ಲರೂ ಮಾಡಿದ್ದೇವೆ.

ಸ್ಟಿಕರ್ ರಂಗೋಲಿ, ಸೆರಗು ಸುತ್ತಿದ ಬಲಗೈ, ಸೊಸೆ ತಂದ ಕಾಫಿ. ಎಲ್ಲ ಒಟ್ಟಿಗೆ ಅರ್ಥವಾಯಿತು. ಅಕ್ಕನ ಕೈ ನಡುಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

"ಯಾವ ಗೆರೆ ಹೊಲೀತೀಯ ಈಗ?" ಅಂತ ನಮ್ಮನೆಯವರು ಮೆಲ್ಲಗೆ ಕೇಳಿದರು. ಎಲ್ಲ ಒಂದೇ ನೀಲಿ, ಒಂದರ ಮೇಲೊಂದು ಹೆಣೆದುಕೊಂಡಿದ್ದವು. ಹೇಗೋ ನೆಟ್ಟಗಿದ್ದದ್ದನ್ನು ಆರಿಸಿ ಹೊಲಿದು, ಮೇಲೆ ಇಸ್ತ್ರಿ ಎಳೆದುಬಿಟ್ಟರೆ ಮಿಕ್ಕದ್ದೆಲ್ಲ ಮತ್ತೆ ಮಾಯ. ಅಕ್ಕನಿಗೆ ಗೊತ್ತೇ ಆಗುವುದಿಲ್ಲ. ಅದನ್ನೇ ಮಾಡೋಣ ಅಂದುಕೊಂಡೆ. ಸೂಜಿ ಹಿಡಿದು ಕೂತೂ ಕೂತೆ. ಚುಚ್ಚಲಾಗಲಿಲ್ಲ. ಅವಳ ಕೈ ಹೀಗಿದೆ ಅಂತ ತಿಳಿದೂ ತಿಳಿಯದವಳ ಹಾಗೆ ಅವಳೆದುರು ಹೇಗೆ ಕೂರಲಿ? ಮಾರನೆಯ ದಿನ ಬೆಳಗಿನ ಪ್ಯಾಸೆಂಜರ್ ಹತ್ತಿದೆ.

ಅಜ್ಜಂಪುರದಲ್ಲಿ ಅಕ್ಕ ನಡುಮನೆಯ ಮಂಚದ ಮೇಲೆ ಕೂತಿದ್ದಳು, ಕೈಗೆ ಸೆರಗು ಸುತ್ತಿಕೊಂಡು. "ಮುಗೀತೇನೇ ಆಗಲೇ?" ಅಂತ ಮುಖವರಳಿಸಿದಳು. ನಾನು ಬಟ್ಟೆಯನ್ನು ಅವಳ ಮುಂದೆ ಬಿಚ್ಚಿದೆ. ಆಮೇಲೆ ಇಸ್ತ್ರಿಯ ಕಥೆ, ಐಸ್‌ಕ್ರೀಮಿನ ಕಥೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ. ಬಟ್ಟೆಯನ್ನೇ ನೋಡುತ್ತಿದ್ದಳು.

"ಎಲ್ಲಾ ಬಂದ್ಬಿಟ್ಟಿದೆಯಲ್ಲೇ," ಅಂದಳು.

"ಹೂಂ ಅಕ್ಕಾ."

ಒಳಗೆ ಸೊಸೆ ಒಗ್ಗರಣೆ ಹಾಕುತ್ತಿದ್ದ ಸದ್ದು. ಅಕ್ಕ ಸೆರಗು ಬಿಚ್ಚಿ ಬಲಗೈಯನ್ನು ಹೊರಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅದು ಅಲ್ಲಿ ತನ್ನ ಪಾಡಿಗೆ ತಾನು ನಡುಗುತ್ತಿತ್ತು. ನಾವಿಬ್ಬರೂ ಅದನ್ನು ನೋಡಿದೆವು.

"ಸದ್ಯ," ಅಂದಳು. "ಹೆಂಗೆ ಹೇಳೋದು ಅಂತ ದಿಗಿಲಾಗಿತ್ತು ಕಣೇ ನಂಗೆ. ಗೆರೆ ಬರಲಿಲ್ಲ ಅಂತ ನಾಚಿಕೆ ಬೇರೆ."

"ಶಿವಮೊಗ್ಗಕ್ಕೆ ಹೋಗೋಣಕ್ಕಾ, ಡಾಕ್ಟ್ರಿಗೆ ತೋರಿಸೋಣ. ನಾನೂ ಬತ್ತೀನಿ."

"ಹೋಗೋಣ, ಹೋಗೋಣ. ಮೊದಲು ಇದು. ಲತಾಗೆ ದಿನ ತುಂಬ್ತಾ ಬಂತು."

"ಯಾವ ಗೆರೆ ಹೊಲೀಲಿ ಹೇಳು. ನೆಟ್ಟಗಿರೋದನ್ನೇ ಹೊಲಿದು, ಮಿಕ್ಕಿದ್ದು ಕಾಣದ ಹಂಗೆ ಮಾಡ್ತೀನಿ."

ಅಕ್ಕ ಬಗ್ಗಿ ಬಟ್ಟೆಯ ಮೇಲೆ ಬೆರಳಿಟ್ಟಳು. ನೆಟ್ಟನೆಯ ಗೆರೆಯನ್ನು ದಾಟಿ, ಅದರ ಪಕ್ಕದ, ಎಲ್ಲಕ್ಕಿಂತ ಸೊಟ್ಟನೆಯ ಗೆರೆಯ ಮೇಲೆ.

"ಅದು ಸ್ಕೇಲಿಂದು. ನಂದು ಇದು. ಇದನ್ನ ಹೊಲಿ."

ಅಲ್ಲೇ ಮಂಚದ ಮೇಲೆ, ಅವಳ ಮಗ್ಗುಲಲ್ಲಿ ಕೂತು ಸೂಜಿಗೆ ದಾರ ಪೋಣಿಸಿದೆ. ಕಣ್ಣು ಮಂಜಾಗಿ ಸೂಜಿಯ ಕಣ್ಣಿಗೆ ದಾರ ಸೇರುವುದೇ ತಡವಾಯಿತು. ನಾಲ್ಕಾರು ಹೊಲಿಗೆ ಹಾಕಿರಬೇಕು, ಅಕ್ಕ ಹಳೆಯ ದನಿಯಲ್ಲಿ ಗದರಿದಳು.

"ಲೇ, ನೆಟ್ಟಗೆ ಮಾಡ್ಬೇಡ ಕಣೇ ಅದನ್ನ! ಇದ್ದಂಗೇ ಹೊಲಿ."